ನೋಂದಣಿಯಿಂದ ಉದ್ಯೋಗದವರೆಗೆ

ಮಂಗಳೂರಿನ ಪಂಪ್‌ವೆಲ್ ವೃತ್ತವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೇರಳದ ಕಡೆಯಿಂದ ಬಂದು ಉಡುಪಿಯ ಕಡೆಗೆ ಸಾಗುವ ಹೆದ್ದಾರಿಯೂ, ಪಡೀಲು, ಬಿ.ಸಿ.ರೋಡುಗಳ ಮೂಲಕ ಘಟ್ಟದ ಕಡೆಗೆ ಹೋಗುವ ದಾರಿಯೂ, ಕಂಕನಾಡಿಯಿಂದ ಇಳಿದು ಬರುವ ನಗರದ ರಸ್ತೆಯೂ ಕೂಡುವ ಸ್ಥಳ ಅದು. ಹಲವು ವರ್ಷಗಳ ಕಾಮಗಾರಿಯ ಬಳಿಕ 2020ರ ಜನವರಿಯಲ್ಲಿ ಅಲ್ಲಿ ಮೇಲ್ಸೇತುವೆ ತೆರೆಯಿತು. ರಾತ್ರಿ ಒಂಬತ್ತರ ಮೇಲೆ ಆ ಸೇತುವೆಯ ಬಳಿ ಹತ್ತು ನಿಮಿಷ ನಿಂತು ನೋಡಿ. ಬೆಂಗಳೂರು ಬಸ್ಸಿಗಾಗಿ ಕಾದಿರುವ ತರುಣ ತರುಣಿಯರು ಕಣ್ಣಿಗೆ ಬೀಳುತ್ತಾರೆ. ಬೆನ್ನಿಗೆ ಒಂದು ಚೀಲ, ಕೈಯಲ್ಲಿ ಅಂಕಪಟ್ಟಿಗಳನ್ನಿಟ್ಟ ಒಂದು ಕಡತ, ಪಕ್ಕದಲ್ಲಿ ಬೀಳ್ಕೊಡಲು ಬಂದ ತಂದೆಯೋ ಅಣ್ಣನೋ. ಇವರಲ್ಲಿ ಕೆಲಸ ಸಿಕ್ಕಿ ಹೋಗುವವರೂ ಉಂಟು, ಕೆಲಸ ಹುಡುಕಿ ಹೋಗುವವರೂ ಉಂಟು. ಹತ್ತಿರ ಹೋಗಿ ಮುಖ ನೋಡಿದರೆ ಯಾರು ಯಾವ ಗುಂಪಿನವರೆಂದು ತಿಳಿಯುವುದು ಕಷ್ಟವಲ್ಲ.

ಅಂಥ ಒಂದು ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಎದುರಾದ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿದವನು, ಮುಂದೆ ಬಿ.ಕಾಂ. ಮುಗಿಸಿದವನು. ಹೆಸರು ಇಲ್ಲಿ ಬೇಡ. ಕ್ಷೇಮ ಸಮಾಚಾರ ಕೇಳಿದ ಮೇಲೆ ಅವನೆಂದ: “ನೀವು ಅಂದು ಹೇಳಿದ ಹಾಗೆ ಎಂಪ್ಲಾಯ್‌ಮೆಂಟ್ ಆಫೀಸಿನಲ್ಲಿ ಹೆಸರು ಬರೆಸಿದೆ ಸರ್. ಒಂದು ಟ್ರೈನಿಂಗೂ ಆಯಿತು. ಸರ್ಟಿಫಿಕೇಟು ಉಂಟು. ಆಮೇಲೆ ಯಾರೂ ಕೇಳಲಿಲ್ಲ.”

ಅವನ ಮಾತಿನಲ್ಲಿ ದೂರಿನ ಛಾಯೆ ಇರಲಿಲ್ಲ. ಆದರೆ ‘ನೀವು ಅಂದು ಹೇಳಿದ ಹಾಗೆ’ ಎಂಬ ಮಾತು ನನ್ನನ್ನು ಚುಚ್ಚಿತು. ಹೌದು, ಹೇಳಿದವನು ನಾನೇ. ತರಗತಿ ಬಿಟ್ಟು ಹೋಗುವ ಮಕ್ಕಳಿಗೆ ವರ್ಷ ವರ್ಷವೂ, “ಹೆಸರು ನೋಂದಾಯಿಸಿರಿ, ತಾಳ್ಮೆಯಿಂದಿರಿ” ಎಂದು ಉಪದೇಶ ಮಾಡಿದ್ದೇನೆ. ಆಮೇಲೆ ಯಾರನ್ನೂ ನಾನೂ ಕೇಳಿರಲಿಲ್ಲ. ಆ ರಾತ್ರಿಯ ಬಳಿಕ ಈ ವಿಷಯವನ್ನು ನನಗೆ ತಿಳಿದ ಮಟ್ಟಿಗೆ ವಿಚಾರಿಸಿ ನೋಡಿದೆ. ಕಂಡುದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇಂಥ ಒಬ್ಬ ಮಗನೋ ಮಗಳೋ ಇದ್ದೇ ಇರುವರಷ್ಟೆ.

ಮೊದಲು ಒಂದು ಶಬ್ದವಿಚಾರ. ಕನ್ನಡ ಪಂಡಿತನ ಈ ಚಾಪಲ್ಯವನ್ನು ಮನ್ನಿಸಬೇಕು. ‘ಉದ್ಯೋಗ’ ಎಂಬುದಕ್ಕೆ ಮೂಲದಲ್ಲಿ ಸಂಬಳದ ಕೆಲಸ ಎಂಬ ಅರ್ಥವಿಲ್ಲ. ಪ್ರಯತ್ನ, ಸನ್ನಾಹ, ಒಂದು ಕಾರ್ಯಕ್ಕೆ ಎದ್ದು ತೊಡಗುವುದು ಎಂಬುದೇ ಅದರ ಅರ್ಥ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ಸಿಕ್ಕುವುದಿಲ್ಲ. ಅದು ಯುದ್ಧಕ್ಕೆ ಮುಂಚಿನ ಸಿದ್ಧತೆಯ ಪರ್ವ. ಹಾಗೆ ನೋಡಿದರೆ ‘ನಿರುದ್ಯೋಗಿ’ ಎಂದರೆ ಪ್ರಯತ್ನವಿಲ್ಲದವನು ಎಂದಾಯಿತು. ಕೆಲಸವಿಲ್ಲದ ತರುಣನಿಗೆ ಈ ಹೆಸರು ಎಷ್ಟು ಅನ್ಯಾಯದ್ದು! ಅರ್ಜಿ ತುಂಬುವುದು, ಪರೀಕ್ಷೆ ಕಟ್ಟುವುದು, ರಾತ್ರಿ ಬಸ್ಸಿನಲ್ಲಿ ಕುಳಿತು ಬೆಳಗ್ಗೆ ಸಂದರ್ಶನಕ್ಕೆ ನಿಲ್ಲುವುದು, ಇವೆಲ್ಲ ಪ್ರಯತ್ನವಲ್ಲದೆ ಮತ್ತೇನು? ಅವನಲ್ಲಿ ಉದ್ಯೋಗವುಂಟು, ಅದು ತಲುಪಬೇಕಾದ ಕಡೆ ತಲುಪುತ್ತಿಲ್ಲ. ಭಾರತ ಸರಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ಒಟ್ಟು ನಿರುದ್ಯೋಗದ ಪ್ರಮಾಣ ಶೇಕಡಾ 3.2 ಇದ್ದರೆ, 15ರಿಂದ 29 ವಯಸ್ಸಿನವರಲ್ಲಿ ಅದು ಶೇಕಡಾ 10.2 ಇತ್ತು. ಎಂದರೆ ಈ ಭಾರದ ಬಹುಪಾಲನ್ನು ಹೊತ್ತವರು ಎಳೆಯರೇ.

ಈ ಭಾರವನ್ನು ಇಳಿಸಲು ಸರಕಾರಗಳು ಏನೂ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. ಹೆಸರು ನೋಂದಾಯಿಸಿಕೊಳ್ಳುವ ವ್ಯವಸ್ಥೆ ಒಂದು, ಕೆಲಸ ಕಲಿಸುವ ವ್ಯವಸ್ಥೆ ಇನ್ನೊಂದು, ಕಾಯುವ ಕಾಲಕ್ಕೆ ಹಣ ಕೊಡುವುದು ಮೂರನೆಯದು, ಸರಕಾರವೇ ಕೆಲಸ ಕೊಡುವುದು ನಾಲ್ಕನೆಯದು. ನಾಲ್ಕೂ ನಮ್ಮ ದೇಶದಲ್ಲಿ ಉಂಟು. ಒಂದೊಂದನ್ನೂ ಎತ್ತಿಕೊಂಡು, ಎಲ್ಲಿ ಎಡವುತ್ತದೆ ಎಂದು ನೋಡೋಣ.

ಹಳೆಯದು ನೋಂದಣಿ. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಯಿಂದ ಬಿಡುಗಡೆಯಾದ ಯೋಧರಿಗೆ ಜೀವನೋಪಾಯ ಕಲ್ಪಿಸಬೇಕಾಯಿತು. ಅದಕ್ಕಾಗಿ 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ವ್ಯವಸ್ಥೆ ಹುಟ್ಟಿತು. ಸ್ವಲ್ಪ ಕಾಲದಲ್ಲಿಯೇ ಅದರ ಬಾಗಿಲು ಎಲ್ಲರಿಗೂ ತೆರೆಯಿತು. ಮುಂದೆ ಇವು ಹೇಗೆ ನಡೆಯಬೇಕೆಂದು ಪರಿಶೀಲಿಸಲು 1952ರಲ್ಲಿ ಕೇಂದ್ರ ಸರಕಾರ ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರು ಯಾರೆಂದು ಕೇಳಿದರೆ ಮಂಗಳೂರಿನವರಿಗೆ ಸಂತೋಷವಾದೀತು: ಈ ಊರಿನಲ್ಲೇ ಹುಟ್ಟಿದ, ಪತ್ರಿಕೋದ್ಯಮಿಯೂ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದು, ಮೊದಲನೆಯ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಆಯ್ಕೆಯಾದ ಬೆನಗಲ್ ಶಿವರಾಯರು. ಕಚೇರಿಗಳ ದಿನನಿತ್ಯದ ಆಡಳಿತವು ದೂರದ ದೆಹಲಿಯಲ್ಲಿರದೆ ರಾಜ್ಯಗಳ ಕೈಯಲ್ಲಿರಬೇಕೆಂದು ಶಿವರಾವ್ ಸಮಿತಿ ಸಲಹೆ ಮಾಡಿತು. ಆ ಸಲಹೆಯಂತೆ ಅವು ರಾಜ್ಯಗಳಿಗೆ ವಹಿಸಲ್ಪಟ್ಟ ದಿನ 1956ರ ನವೆಂಬರ್ 1. ನಮ್ಮ ಜಿಲ್ಲೆ ಮದರಾಸು ರಾಜ್ಯವನ್ನು ಬಿಟ್ಟು ಕನ್ನಡ ನಾಡನ್ನು ಸೇರಿದ್ದೂ ಅದೇ ದಿನವಲ್ಲವೆ?

ಅನಂತರ 1959ರಲ್ಲಿ ಕಾಯಿದೆಯೊಂದು ಬಂದು, 1960ರ ಮೇ 1ರಿಂದ ಜಾರಿಯಾಯಿತು. ಸರಕಾರಿ ಸಂಸ್ಥೆಗಳೂ, 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿ ತೆರವಾದ ಸ್ಥಾನಗಳನ್ನು ಈ ಕಚೇರಿಗೆ ತಿಳಿಸಲೇಬೇಕು ಎಂದು ಅದು ವಿಧಿಸಿತು. ಆದರೆ ಗಮನಿಸಿ: ತಿಳಿಸಬೇಕು ಎಂದಿತೇ ಹೊರತು, ಕಚೇರಿ ಕಳಿಸಿದವರನ್ನೇ ತೆಗೆದುಕೊಳ್ಳಬೇಕು ಎನ್ನಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಮತ್ತೊಂದು ಮಾತು ಹೇಳಿತು. ನೋಂದಾಯಿಸಿದವರಿಗೆ ಮಾತ್ರ ಅವಕಾಶ ಕೊಡುವುದು ಉಳಿದವರಿಗೆ ಅನ್ಯಾಯ. ಆದ್ದರಿಂದ ಪತ್ರಿಕೆಗಳಲ್ಲಿಯೂ ಪ್ರಕಟಣೆ ಕೊಟ್ಟು ಎಲ್ಲರ ಅರ್ಜಿಗಳನ್ನು ಪರಿಶೀಲಿಸಬೇಕು ಎಂದಿತು. ನ್ಯಾಯದ ಮಾತೇ. ಆದರೆ ಅಂದಿನಿಂದ ನೋಂದಣಿ ಚೀಟಿಗಿದ್ದ ಬೆಲೆ ಇಳಿಯಿತು. 1990ರ ಹೊತ್ತಿಗೆ ನಾನೂ ಅಂಥ ಚೀಟಿಯನ್ನು ಪಡೆದವನೇ. ಮೂರು ವರ್ಷಕ್ಕೊಮ್ಮೆ ತಪ್ಪದೆ ನವೀಕರಿಸಿದವನೇ. ನನ್ನ ಕಾಲದಲ್ಲಿ ‘ಕಾರ್ಡು ಬಂತೇ?’ ಎಂಬುದು ಮನೆಮನೆಯ ಪ್ರಶ್ನೆಯಾಗಿತ್ತು. ನನ್ನ ಅನುಭವವನ್ನೇ ಶಾಶ್ವತ ಸತ್ಯವೆಂದು ನಂಬಿ, ಕಾಲ ಬದಲಾದದ್ದನ್ನು ಗಮನಿಸದೆ, ಮಕ್ಕಳಿಗೆ ಅದನ್ನೇ ಬೋಧಿಸಿದೆ. ತಪ್ಪು ನಡೆದದ್ದು ಅಲ್ಲಿ.

ಹಾಗಾದರೆ ನೋಂದಣಿ ಕಚೇರಿ ಬೇಡವೆ? ಬೇಕು. ಆದರೆ ಅದರ ಕೆಲಸ ಬದಲಾಗಬೇಕು. 2015ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ವೃತ್ತಿ ಸೇವೆ ಎಂಬ ಹೊಸ ವ್ಯವಸ್ಥೆಯನ್ನು ಆರಂಭಿಸಿತು. ಈಗ ಮನೆಯಲ್ಲಿ ಕುಳಿತೇ ಹೆಸರು ದಾಖಲಿಸಬಹುದು. ಹಳೆಯ ಕಾಯಿದೆಯನ್ನು ಅಡಗಿಸಿಕೊಂಡು ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ‘ವೃತ್ತಿ ಕೇಂದ್ರ’ ಎಂಬ ಹೆಸರನ್ನೇ ಬಳಸಿದೆ. ಹೆಸರಿನಲ್ಲಿರುವ ಈ ಮಾರ್ಪಾಡು ನಡೆಯಲ್ಲಿಯೂ ಬರಬೇಕು. ಹುದ್ದೆ ತಾನಾಗಿ ಕಚೇರಿಗೆ ಬರುವುದೆಂದು ಕಾಯುವ ಕಾಲ ಹೋಯಿತು. ಬೈಕಂಪಾಡಿಯ ಕಾರ್ಖಾನೆಗಳಿಗೂ ಪಣಂಬೂರಿನ ಬಂದರಿನ ಸುತ್ತಲ ಸಂಸ್ಥೆಗಳಿಗೂ ನಗರದ ಆಸ್ಪತ್ರೆಗಳಿಗೂ ಕಚೇರಿಯ ಮನುಷ್ಯನೇ ಹೋಗಿ, ನಿಮಗೆ ಯಾವ ಕೆಲಸ ಬಲ್ಲವರು ಬೇಕು, ಎಷ್ಟು ಮಂದಿ ಬೇಕು, ಯಾವಾಗ ಬೇಕು ಎಂದು ಕೇಳಿ ಬರೆದುಕೊಳ್ಳಬೇಕು. ಮದುವೆಯ ಸಂಬಂಧ ಕುದುರಿಸುವವರು ಬರಿಯ ಜಾತಕಗಳನ್ನು ಕಪಾಟಿನಲ್ಲಿಟ್ಟು ಸುಮ್ಮನೆ ಕೂರುತ್ತಾರೆಯೆ? ಎರಡು ಮನೆಗೂ ಹತ್ತು ಸಲ ನಡೆಯುತ್ತಾರೆ.

ಎರಡನೆಯದು ತರಬೇತಿ. ಇದರಲ್ಲಿ ನಮ್ಮ ಜಿಲ್ಲೆಗೆ ದೇಶಕ್ಕೇ ಹೇಳಿಕೊಡುವಷ್ಟು ಅನುಭವವುಂಟು. ಪಂಪ್‌ವೆಲ್ಲಿನಲ್ಲಿ ಬೆಂಗಳೂರು ಬಸ್ಸು ಹತ್ತುವ ಹುಡುಗ ಬಿ.ಸಿ.ರೋಡಿನವರೆಗೆ ಹೋಗುವ ದಾರಿಯಲ್ಲಿಯೇ ಸಾಗಿ, ಅಲ್ಲಿಂದ ಬೆಳ್ತಂಗಡಿಯ ಕಡೆಗೆ ಹೊರಳಿದರೆ ಉಜಿರೆ ಸಿಗುತ್ತದೆ. 1982ರಲ್ಲಿ ಅಲ್ಲಿ ಒಂದು ಸಂಸ್ಥೆ ಹುಟ್ಟಿತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಇವು ಸೇರಿ ಕಟ್ಟಿದ ಅದರ ಚಿಕ್ಕ ಹೆಸರು ‘ರುಡ್‌ಸೆಟ್’. ಕೆಲಸವಿಲ್ಲದ ಹಳ್ಳಿಯ ತರುಣರಿಗೆ ಸ್ವಂತ ಉದ್ಯೋಗ ಕಲಿಸುವುದು ಅದರ ಉದ್ದೇಶ. ದ್ವಿಚಕ್ರ ವಾಹನಗಳ ದುರಸ್ತಿ, ಹೊಲಿಗೆ, ಮೋಟಾರ್ ರಿವೈಂಡಿಂಗ್, ಹೈನುಗಾರಿಕೆ, ಹೀಗೆ ಊರಿನಲ್ಲಿ ಬೇಡಿಕೆಯಿರುವ ಕಸುಬುಗಳನ್ನು ಕೆಲವೇ ವಾರಗಳಲ್ಲಿ ಕಲಿಸಲಾಗುತ್ತದೆ. ಊಟ, ವಸತಿ, ಪಾಠ ಎಲ್ಲವೂ ಉಚಿತ.

ಕೆಲವೇ ವಾರಗಳಲ್ಲಿ ಒಂದು ಕಸುಬು ಪೂರ್ಣವಾಗಿ ಬಂದೀತೇ ಎಂದು ನೀವು ಕೇಳಬಹುದು. ಬರಲಾರದು. ಆ ಸಂಸ್ಥೆಯನ್ನು ಕಟ್ಟಿದವರಿಗೂ ಇದು ತಿಳಿದಿತ್ತು. ಅದಕ್ಕೇ ಅವರು ತರಬೇತಿಯನ್ನು ಮೂರು ಘಟ್ಟಗಳಾಗಿ ನೋಡಿದರು. ಮೊದಲನೆಯದು ಆಯ್ಕೆ: ಬಂದವನಿಗೆ ಈ ಕಸುಬಿನಲ್ಲಿ ನಿಜವಾದ ಆಸಕ್ತಿ ಉಂಟೇ, ಅವನ ಊರಿನಲ್ಲಿ ಅದು ನಡೆದೀತೇ ಎಂದು ವಿಚಾರಿಸುವುದು. ಎರಡನೆಯದು ಕಲಿಕೆ: ಕೈಕೆಲಸದ ಜೊತೆಗೆ ಲೆಕ್ಕ ಇಡುವುದು, ಗಿರಾಕಿಯೊಡನೆ ಮಾತಾಡುವುದು, ಸೋತರೆ ಎದ್ದು ನಿಲ್ಲುವುದು. ಮೂರನೆಯದೇ ಮುಖ್ಯ: ಕಲಿತು ಹೋದವನನ್ನು ಎರಡು ವರ್ಷಗಳ ಕಾಲ ಹಿಂಬಾಲಿಸುವುದು. ಪತ್ರ ಬರೆಯುವುದು, ಅವನಿದ್ದಲ್ಲಿಗೆ ಹೋಗಿ ನೋಡುವುದು, ಬ್ಯಾಂಕಿನ ಸಾಲ ನಿಂತಿದ್ದರೆ ಏಕೆಂದು ಕೇಳುವುದು. ಬ್ಯಾಂಕುಗಳೇ ಸಂಸ್ಥೆಯ ಪಾಲುದಾರರಾದ್ದರಿಂದ ಆ ಪ್ರಶ್ನೆಗೆ ಉತ್ತರವೂ ಸಿಗುವ ಸಂಭವವಿತ್ತು.

ಈ ಕ್ರಮ ಫಲಿಸಿತು. ಎಷ್ಟರ ಮಟ್ಟಿಗೆ ಎಂದರೆ 2009ರಿಂದ ಭಾರತ ಸರಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ, ಬ್ಯಾಂಕುಗಳ ಮೂಲಕ, ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಸಿತು. ಅವುಗಳ ಯಶಸ್ಸನ್ನು ಅಳೆಯುವಾಗ ಎಷ್ಟು ಮಂದಿ ಕಲಿತರು ಎಂದು ಮಾತ್ರ ಕೇಳುವುದಿಲ್ಲ. ಕಲಿತವರಲ್ಲಿ ಎಷ್ಟು ಮಂದಿ ನೆಲೆ ಕಂಡರು ಎಂದೂ ಕೇಳುತ್ತಾರೆ. ನೂರಕ್ಕೆ ಎಪ್ಪತ್ತು ಮಂದಿಯಾದರೂ ನೆಲೆ ಕಾಣಬೇಕೆಂಬುದು ನಿರೀಕ್ಷೆ.

ವಾಚಕರೇ, ನನ್ನ ವಿದ್ಯಾರ್ಥಿಯ ಮಾತನ್ನು ಮತ್ತೊಮ್ಮೆ ನೆನೆಯಿರಿ. ‘ಆಮೇಲೆ ಯಾರೂ ಕೇಳಲಿಲ್ಲ.’ ಉಜಿರೆಯಲ್ಲಿ ಆಮೇಲೆ ಕೇಳುವವರಿದ್ದರು. ಎಲ್ಲ ವ್ಯತ್ಯಾಸವೂ ಅಷ್ಟರಲ್ಲಿದೆ ಎಂದು ನನ್ನ ನಂಬಿಕೆ. ಅನೇಕ ಯೋಜನೆಗಳಲ್ಲಿ ಪ್ರಮಾಣಪತ್ರ ಕೊಟ್ಟ ದಿನವೇ ಲೆಕ್ಕ ಮುಗಿಯುತ್ತದೆ. ತರಬೇತಿ ಕೊಟ್ಟವರಿಗೆ ಹಣವೂ ತಲೆಗಳನ್ನು ಎಣಿಸಿ ಬರುತ್ತದೆ. ಸಸಿ ನೆಟ್ಟ ಸಂಖ್ಯೆಯನ್ನು ಬರೆದು, ನೀರೆರೆಯಲು ಯಾರನ್ನೂ ನೇಮಿಸದ ವನಮಹೋತ್ಸವದಂತೆ ಇದು. ತರಬೇತುದಾರರಿಗೆ ಕೊಡುವ ಹಣದ ಒಂದು ಭಾಗವನ್ನು ಹಿಡಿದಿಟ್ಟು, ಕಲಿತವನು ಒಂದು ವರ್ಷದ ಬಳಿಕವೂ ದುಡಿಯುತ್ತಿದ್ದಾನೆಂದು ಖಚಿತವಾದ ಮೇಲೆ ಕೊಟ್ಟರೆ, ಹಿಂಬಾಲಿಸಿ ಕೇಳುವ ಅಭ್ಯಾಸ ತಾನಾಗಿಯೇ ಬರುತ್ತದೆ.

ಸ್ವಂತ ಉದ್ಯೋಗ ಎಲ್ಲರಿಗೂ ಒಗ್ಗುವುದಿಲ್ಲ. ಹೆಚ್ಚಿನವರಿಗೆ ಬೇಕಾದುದು ಸಂಬಳದ ಕೆಲಸ. ಅಂಥವರಿಗೆ ದುಡಿಯುತ್ತ ಕಲಿಯುವ ದಾರಿಯೇ ಒಳ್ಳೆಯದು. ಇದೂ ಈ ಊರಿಗೆ ಹೊಸತಲ್ಲ. ಮತಾಂತರದಿಂದ ಪೂರ್ವಿಕರ ಕಸುಬನ್ನು ಕಳೆದುಕೊಂಡವರಿಗೆ ಜೀವನೋಪಾಯ ಹುಡುಕುತ್ತ ಬಾಸೆಲ್ ಮಿಷನ್ನಿನವರು ಮಗ್ಗಗಳನ್ನು ಹೂಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ತೆರೆದರು. ಕೆಲಸಗಾರ ಕಲಿತದ್ದು ಕಾರ್ಖಾನೆಯೊಳಗೇ. ಮಾಡಿದ ಹಂಚಿಗೆ ಮಳೆನಾಡಿನಲ್ಲಿ ಗಿರಾಕಿಗಳೂ ಇದ್ದರು. ಮುಂದೆ ಮಂಗಳೂರು ಹಂಚಿನ ಹೆಸರು ಕಡಲಾಚೆಗೂ ಹೋಯಿತು. ಆ ಬಳಿಕ ಬ್ಯಾಂಕುಗಳ ಕಾಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂಬ ಐದು ಬ್ಯಾಂಕುಗಳು ಈ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿ, ಎಷ್ಟೋ ಮನೆಗಳಲ್ಲಿ ಒಲೆ ಉರಿಸಿದುವು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದುವು. ಹಂಚಿನ ಚಿಮಣಿಗಳಲ್ಲಿಯೂ ಹೆಚ್ಚಿನವು ತಣ್ಣಗಾಗಿವೆ. ತಂದೆಗೆ ತೆರೆದಿದ್ದ ಬಾಗಿಲು ಮಗನಿಗೂ ತೆರೆದಿರುತ್ತದೆಂದು ಹೇಳುವಂತಿಲ್ಲ.

ದುಡಿಯುತ್ತ ಕಲಿಯುವುದಕ್ಕೆ 1961ರ ಅಪ್ರೆಂಟಿಸ್ ಕಾಯಿದೆಯ ಆಧಾರವಿದೆ. 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಬಲದ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು 2019ರಲ್ಲಿ ತಿದ್ದಿದ ನಿಯಮಗಳು ಹೇಳುತ್ತವೆ. ಅದಕ್ಕಿಂತ ಸಣ್ಣ ಸಂಸ್ಥೆಗಳೂ ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಅಪ್ರೆಂಟಿಸನ ಭತ್ಯದ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಕೇಂದ್ರ ಸರಕಾರ ಹೊರುತ್ತದೆಂದು ಗೊತ್ತುಮಾಡಲಾಯಿತು. ಈ ಅನುಕೂಲವನ್ನು ನಮ್ಮ ಊರಿನ ಮುದ್ರಣಾಲಯ, ಗ್ಯಾರೇಜು, ಲೆಕ್ಕಪತ್ರದ ಕಚೇರಿಗಳವರಲ್ಲಿ ಎಷ್ಟು ಮಂದಿ ಬಲ್ಲರು? ನಾನು ವಿಚಾರಿಸಿದ ಕೆಲವರಿಗೆ ತಿಳಿದಿರಲಿಲ್ಲ.

ದೊಡ್ಡ ಸಂಸ್ಥೆಗಳನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆಯಿದೆ. 2024ರಲ್ಲಿ ಕೇಂದ್ರ ಸರಕಾರ ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆಯನ್ನು ಪ್ರಯೋಗವಾಗಿ ಆರಂಭಿಸಿತು. ದೇಶದ ಹೆಸರಾಂತ ಕಂಪೆನಿಗಳಲ್ಲಿ ಒಂದು ವರ್ಷ ಕೆಲಸ ಕಲಿಯುವ ಅವಕಾಶ, ತಿಂಗಳಿಗೆ 5,000 ರೂಪಾಯಿ. ಮೊದಲ ಸುತ್ತಿನಲ್ಲಿ 82,000ಕ್ಕೂ ಹೆಚ್ಚು ಆಹ್ವಾನಗಳು ಹೋದುವು. ಕೊನೆಗೆ ಸೇರಿದವರು 9,000ಕ್ಕೂ ಕಡಿಮೆ. ಸ್ಥಳ ದೂರವೆಂಬುದೂ ಅವಧಿ ದೀರ್ಘವೆಂಬುದೂ ಕಾರಣಗಳಲ್ಲಿ ಮುಖ್ಯವಾಗಿದ್ದುವು. ಇದರಲ್ಲಿ ಆಶ್ಚರ್ಯವೇನು? ಪರ ಊರಿನಲ್ಲಿ ಕೋಣೆ ಬಾಡಿಗೆಗೂ ಎರಡು ಹೊತ್ತಿನ ಊಟಕ್ಕೂ ಐದು ಸಾವಿರ ಸಾಲದು. ಮಗಳನ್ನು ಕಳಿಸುವ ತಾಯಿತಂದೆಗಳಿಗೆ ಬೇರೆ ಚಿಂತೆಗಳೂ ಇರುತ್ತವೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಸಂಸ್ಥೆಯಲ್ಲಿ ಇದೇ ಅವಕಾಶ ಸಿಕ್ಕಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಮೂರನೆಯದು ಹಣ. ಕರ್ನಾಟಕ ಸರಕಾರದ ಐದು ಗ್ಯಾರಂಟಿಗಳಲ್ಲಿ ಒಂದಾದ ‘ಯುವನಿಧಿ’ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಇದನ್ನು ‘ಸೋಮಾರಿಗಳ ಸಂಬಳ’ ಎಂದು ಹಳಿಯುವವರನ್ನು ಕೇಳಿದ್ದೇನೆ. ಆ ಮಾತು ನನಗೆ ಸಮ್ಮತವಲ್ಲ. ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ವೆಚ್ಚ, ಪರೀಕ್ಷೆಗಳ ಶುಲ್ಕ, ಒಂದು ಜೊತೆ ಒಳ್ಳೆಯ ಬಟ್ಟೆ, ಇವಕ್ಕೆ ಪ್ರತಿ ಸಲ ತಂದೆಯ ಮುಂದೆ ಕೈಯೊಡ್ಡುವ ಇಪ್ಪತ್ತೆರಡರ ಹುಡುಗನ ಸಂಕಟವನ್ನು ಬಲ್ಲವರು ಹಾಗೆ ಹೇಳಲಾರರು. ಕೆಲಸ ಹುಡುಕುವುದಕ್ಕೂ ಹಣ ಬೇಕು.

ಆದರೆ ಅದರ ಆರಂಭದ ನಿಯಮಗಳಲ್ಲಿ ಮೂರು ಸಂಗತಿಗಳು ಚಿಂತನೆಗೆ ಅರ್ಹ. ಒಂದನೆಯದು, ತೇರ್ಗಡೆಯಾಗಿ ಆರು ತಿಂಗಳು ಕೆಲಸವಿಲ್ಲದೆ ಕಳೆದ ಮೇಲೆಯೇ ನಿಧಿ ದೊರೆಯುವುದು. ಹಣದ ಮಟ್ಟಿಗೆ ಇದು ಸರಿಯಿರಬಹುದು. ಆದರೆ ಮಾರ್ಗದರ್ಶನವೂ ಅಷ್ಟು ಕಾಲ ಕಾಯಬೇಕಿಲ್ಲ. ಉತ್ಸಾಹ ಇನ್ನೂ ಆರದಿರುವ ತಿಂಗಳುಗಳು ಅವೇ. ಎರಡನೆಯದು, ಫಲಾನುಭವಿಯು ಗೊತ್ತಾದ ಅವಧಿಗೊಮ್ಮೆ ‘ನನಗೆ ಇನ್ನೂ ಕೆಲಸವಿಲ್ಲ’ ಎಂದು ಘೋಷಿಸಬೇಕು. ಘೋಷಣೆ ಬಂದಾಗ, ‘ಏನೇನು ಪ್ರಯತ್ನಿಸಿದೆ? ಎಲ್ಲಿ ತಡೆಯಾಯಿತು?’ ಎಂದು ಕೇಳುವ ಮನುಷ್ಯನೊಬ್ಬನಿದ್ದರೆ ಆ ಒಣ ಘೋಷಣೆಯೇ ನೆರವಿನ ಮೊದಲ ಹೆಜ್ಜೆಯಾಗುತ್ತಿತ್ತು. ಮೂರನೆಯದು, ಭತ್ಯ ಪಡೆಯುವ ಅಪ್ರೆಂಟಿಸನಿಗೆ ನಿಧಿ ಇಲ್ಲ. ಹೀಗಾದರೆ ಕಲಿಯಲು ಹೊರಟವನು ಮೂರು ಸಾವಿರವನ್ನು ಕಳೆದುಕೊಂಡೇ ಹೊರಡಬೇಕಾಗುತ್ತದೆ. ಕಲಿಕೆಗೆ ಸೇರಿದ ಮೊದಲ ಕೆಲವು ತಿಂಗಳಾದರೂ ನಿಧಿಯ ಒಂದು ಅಂಶವನ್ನು ಪ್ರಯಾಣವೆಚ್ಚವಾಗಿ ಮುಂದುವರಿಸಿದರೆ ಮನೆ ಬಿಟ್ಟು ಹೊರಡುವ ಧೈರ್ಯ ಬಂದೀತು.

ಯುರೋಪಿನ ರಾಷ್ಟ್ರಗಳು 2013ರಲ್ಲಿ ‘ಯುವ ಭರವಸೆ’ ಎಂಬ ಒಪ್ಪಂದಕ್ಕೆ ಬಂದುವು. ಓದು ಮುಗಿಸಿದ ಅಥವಾ ಕೆಲಸ ಕಳೆದುಕೊಂಡ ಎಳೆಯನಿಗೆ ನಾಲ್ಕು ತಿಂಗಳೊಳಗೆ ಒಂದು ಕೆಲಸವನ್ನೋ, ಮುಂದಿನ ಓದನ್ನೋ, ಅಪ್ರೆಂಟಿಸ್ ಸ್ಥಾನವನ್ನೋ, ತರಬೇತಿಯನ್ನೋ ಎದುರಿಗಿಡಬೇಕೆಂಬುದು ಅದರ ಸಾರ. ಎಲ್ಲ ಕಡೆಯೂ ಅದು ಪೂರ್ಣವಾಗಿ ನೆರವೇರಿದೆ ಎನ್ನಲಾಗದು. ಆದರೆ ಅಲ್ಲಿ ಗಡುವು ವಿಧಿಸಿದ್ದು ಸರಕಾರಕ್ಕೆ. ನಮ್ಮಲ್ಲಿ ಗಡುವು ಇರುವುದು ಹುಡುಗನಿಗೆ. ಹಣವಂತ ದೇಶಗಳ ಖರ್ಚನ್ನು ನಾವು ಅನುಕರಿಸಲಾರೆವು. ಈ ಶಿಸ್ತನ್ನು ಅನುಕರಿಸಲು ಹೆಚ್ಚು ಹಣ ಬೇಡ.

ನಾಲ್ಕನೆಯದು, ಸರಕಾರವೇ ಕೆಲಸ ಕೊಡುವುದು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯ ಭರವಸೆ ಕೊಟ್ಟಿತು. 2025ರ ಕೊನೆಯಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆ ದಿನಗಳನ್ನು 125 ಎಂದಿತು. ಎರಡೂ ಹಳ್ಳಿಗಳಿಗೆ ಮಾತ್ರ. ಪಂಪ್‌ವೆಲ್ಲಿನ ಹುಡುಗನಿಗೆ ಅವು ಅನ್ವಯಿಸುವುದಿಲ್ಲ. ಆದರೆ ತಲಪಾಡಿಯ ಗಡಿಯಾಚೆ, ಕಾಸರಗೋಡನ್ನೊಳಗೊಂಡ ಕೇರಳದಲ್ಲಿ, 2010ರಲ್ಲಿ ಅಯ್ಯಂಕಾಳಿಯವರ ಹೆಸರಿನಲ್ಲಿ ನಗರವಾಸಿಗಳಿಗೂ 100 ದಿನಗಳ ಕೆಲಸದ ಯೋಜನೆ ಬಂತು. ನಗರದಲ್ಲಿ ಕೆಲಸವೇನು ಕಡಿಮೆಯೆ? ಮಳೆಗಾಲದ ಮೊದಲು ತೋಡುಗಳ ಹೂಳು ತೆಗೆಯಬೇಕು, ಕೆರೆಗಳನ್ನು ಕಾಯಬೇಕು, ಮರಗಳನ್ನು ಎಣಿಸಬೇಕು, ಹಳೆಯ ಕಡತಗಳನ್ನು ಗಣಕಯಂತ್ರಕ್ಕೆ ಏರಿಸಬೇಕು, ವಾಚನಾಲಯಗಳನ್ನು ಸಂಜೆಯೂ ತೆರೆದಿಡಬೇಕು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಿಂದ 1942ರವರೆಗೆ, ಸುಮಾರು 30 ಲಕ್ಷ ತರುಣರನ್ನು ಅರಣ್ಯ ಮತ್ತು ಮಣ್ಣಿನ ರಕ್ಷಣೆಯ ಕೆಲಸಕ್ಕೆ ಸೇರಿಸಿಕೊಂಡರು. ತಿಂಗಳಿಗೆ 30 ಡಾಲರು. ಅದರಲ್ಲಿ 25 ಡಾಲರು ನೇರವಾಗಿ ಮನೆಗೆ. ಅವರು ನೆಟ್ಟ ಮರಗಳು ಸುಮಾರು 300 ಕೋಟಿ. ಸಂಜೆಯ ಹೊತ್ತು ಶಿಬಿರಗಳಲ್ಲಿ ಪಾಠವೂ ನಡೆಯುತ್ತಿತ್ತು. ಕೂಲಿಯ ಜೊತೆಗೆ ಕಲಿಕೆಯೂ ಇದ್ದರೆ ಮಾತ್ರ ಅಂಥ ಕೆಲಸ ಎಳೆಯರಿಗೆ ಮೆಟ್ಟಿಲಾಗುತ್ತದೆ. ಇಲ್ಲವಾದರೆ ಅಲ್ಲಿಯೇ ನಿಲ್ಲಿಸುವ ಜಗಲಿಯಾಗುತ್ತದೆ.

ಈ ನಾಲ್ಕೂ ವ್ಯವಸ್ಥೆಗಳನ್ನು ಒಟ್ಟಿಗೆ ನೋಡಿದಾಗ ನನಗೆ ಕಂಡ ಕೊರತೆ ಒಂದೇ. ಒಂದರಿಂದ ಮತ್ತೊಂದಕ್ಕೆ ಹುಡುಗನನ್ನು ಕೈಹಿಡಿದು ದಾಟಿಸುವವರಿಲ್ಲ. ನೋಂದಣಿ ಒಂದು ಇಲಾಖೆಯಲ್ಲಿ, ತರಬೇತಿ ಇನ್ನೊಂದರಲ್ಲಿ, ಸಾಲ ಬ್ಯಾಂಕಿನಲ್ಲಿ, ನಿಧಿ ಮತ್ತೊಂದು ಕಿಟಕಿಯಲ್ಲಿ. ಪ್ರತಿ ಕಿಟಕಿಯಲ್ಲಿಯೂ ಅವನು ಹೊಸಬ. ಪ್ರತಿ ಸಲವೂ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕು. ಒಬ್ಬ ತರುಣನಿಗೆ ಒಬ್ಬ ಮಾರ್ಗದರ್ಶಿ ಎಂದು ಗೊತ್ತುಮಾಡಿ, ಎರಡು ವರ್ಷ ಅವನ ಹೊಣೆಯನ್ನು ಆ ಮಾರ್ಗದರ್ಶಿಗೇ ಒಪ್ಪಿಸುವುದು ಮೊದಲ ಸುಧಾರಣೆ. ವರ್ಷದ ಕೊನೆಗೆ ‘ಇಷ್ಟು ಮಂದಿ ನೋಂದಾಯಿಸಿದರು, ಇಷ್ಟು ಮಂದಿ ಕಲಿತರು’ ಎಂಬ ಲೆಕ್ಕದ ಪಕ್ಕದಲ್ಲಿ ‘ಇಷ್ಟು ಮಂದಿ ಇಂದಿಗೂ ದುಡಿಯುತ್ತಿದ್ದಾರೆ’ ಎಂಬ ಲೆಕ್ಕವನ್ನು ಪ್ರತಿ ಜಿಲ್ಲೆಯೂ ಪ್ರಕಟಿಸುವುದು ಎರಡನೆಯದು. ಹತ್ತಿರದ ಸಣ್ಣ ಸಂಸ್ಥೆಗಳಲ್ಲಿ ಕಲಿಕೆಯ ಸ್ಥಾನಗಳನ್ನು ಹುಡುಕಿ ತೆಗೆಯುವುದು ಮೂರನೆಯದು.

ಇವೆಲ್ಲ ಸರಕಾರದ ಕೆಲಸವಾಯಿತು, ನಮ್ಮದೇನು ಎಂದೀರಿ. ನಿಮ್ಮಲ್ಲಿ ಅಂಗಡಿ, ಕಾರ್ಯಾಗಾರ, ಕಚೇರಿ ನಡೆಸುವವರಿದ್ದೀರಿ. ವರ್ಷಕ್ಕೆ ಒಬ್ಬ ಅಪ್ರೆಂಟಿಸನನ್ನು ತೆಗೆದುಕೊಳ್ಳಲಾದೀತೇ ಎಂದು ಯೋಚಿಸಿರಿ. ನಿವೃತ್ತರಾದ ಬ್ಯಾಂಕಿನವರಿದ್ದೀರಿ, ನಿಮ್ಮ ಕೇರಿಯ ಒಬ್ಬ ಹುಡುಗಿಗೆ ಸಾಲದ ಅರ್ಜಿ ಬರೆಯಲು ಒಂದು ಸಂಜೆ ಕೊಡಿರಿ. ತಾಯಿತಂದೆಗಳಿದ್ದೀರಿ, ಮನೆಯಲ್ಲಿ ಕುಳಿತ ಮಗನನ್ನು ದಿನವೂ ‘ಕೆಲಸ ಸಿಕ್ಕಿತೇ?’ ಎಂದು ಕೇಳುವ ಬದಲು, ‘ಇವತ್ತು ಏನು ನೋಡಿದೆ? ನಾಳೆ ಎಲ್ಲಿಗೆ ಹೋಗುವುದು?’ ಎಂದು ಕೇಳಿರಿ. ಮೊದಲನೆಯ ಪ್ರಶ್ನೆ ಅವನನ್ನು ಕುಗ್ಗಿಸುತ್ತದೆ. ಎರಡನೆಯದು ಅವನ ಜೊತೆ ನಡೆಯುತ್ತದೆ.

ನನ್ನ ಪಾಲಿನದನ್ನೂ ಹೇಳಿ ಮುಗಿಸುತ್ತೇನೆ. ಅಂದು ಬಸ್ಸು ಬರುವ ಮೊದಲು ಆ ಹುಡುಗನ ದೂರವಾಣಿ ಸಂಖ್ಯೆಯನ್ನು ಬರೆದುಕೊಂಡೆ. ಆ ಸಲದ ಸಂದರ್ಶನದಲ್ಲಿ ಅವನಿಗೆ ಕೆಲಸ ಸಿಗಲಿಲ್ಲ. ಊರಿಗೆ ಮರಳಿದ ಮೇಲೆ ಪರಿಚಯದ ಲೆಕ್ಕಪರಿಶೋಧಕರೊಬ್ಬರಲ್ಲಿ ವಿಚಾರಿಸಿದೆವು. ಈಗ ಅವರ ಬಳಿ ಕೆಲಸ ಕಲಿಯುತ್ತಿದ್ದಾನೆ. ಸಂಬಳ ಅಲ್ಪ, ನಾಳೆಯ ಭರವಸೆಯೂ ಪೂರ್ಣವಲ್ಲ. ಆದರೆ ತಿಂಗಳ ಮೊದಲ ಭಾನುವಾರ ನಾನು ತಪ್ಪದೆ ಕರೆ ಮಾಡುತ್ತೇನೆ. ಕಳೆದ ವರ್ಷ ತರಗತಿ ಬಿಟ್ಟ ಮಕ್ಕಳ ಹೆಸರುಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಹೆಸರಿನ ಎದುರು ‘ಆಮೇಲೆ’ ಎಂಬ ಒಂದು ಕಾಲಂ ಎಳೆದಿದ್ದೇನೆ. ಅದರಲ್ಲಿ ಇನ್ನೂ ಹೆಚ್ಚಿನವು ಖಾಲಿ. ತುಂಬುವ ಕೆಲಸ ನಡೆದಿದೆ.